ಶನಿ ಗೇಮು, ಎರಡನೇ ಭಾಗ

ರೇಣುಕಪ್ರಸಾದನಿಗೆ ಮೊದಲು ಕಂಡದ್ದು ಅವಳ ಬೆನ್ನು. ನ್ಯಾಮತಿಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗೂ ಬೇಕರಿಗೂ ನಡುವೆ ಹೊಸದಾಗಿ ತೆರೆದಿದ್ದ ಗೇಮ್ ಅಂಗಡಿಯೊಳಗೆ, ಗುಂಪುಗೂಡಿದ್ದ ಹುಡುಗರ ಹೆಗಲುಗಳ ಸಂದಿಯಲ್ಲಿ, ಒಂದು ನೇರಳೆ ಸೀರೆಯ ಬೆನ್ನು. ಎಡಗಾಲಿನ ಮೇಲೆ ಭಾರ ಬಿಟ್ಟು, ಬಲಗಾಲಿನ ಹಿಮ್ಮಡಿಯನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿ, ತಲೆಯನ್ನು ಕೊಂಚ ಓರೆ ಮಾಡಿ ಅವಳು ಯಂತ್ರದ ಮುಂದೆ ನಿಂತಿದ್ದಳು. ಹಾಗೆ ನಿಲ್ಲುವವರು ಸಾವಿರ ಜನ ಇರಬಹುದು ಎಂದುಕೊಂಡ. ಹಾಗೆಂದುಕೊಳ್ಳುವಷ್ಟರಲ್ಲೇ ಕಿವಿ ಬಿಸಿಯಾಗಿ, ಆಗಷ್ಟೇ ತೆಗೆದಿದ್ದ ಹೆಲ್ಮೆಟ್ಟನ್ನು ಕೈಗಳು ತಾವಾಗಿ ಮತ್ತೆ ತಲೆಗೆ ಏರಿಸಿ ಗದ್ದದ ಕೆಳಗೆ ಪಟ್ಟಿ ಸಿಕ್ಕಿಸಿದವು. ಅಂಗಡಿಯ ಬಾಗಿಲಲ್ಲಿ ನಿಂತು ಹೆಲ್ಮೆಟ್ ಹಾಕಿಕೊಂಡ ನಲವತ್ತಮೂರು ವರ್ಷದ ಗಣಿತದ ಮೇಷ್ಟರನ್ನು ಅವನ ಮಗಳು ಪೂಜಾ ತಿರುಗಿ ನೋಡಿದಳು. "ಯಾಕಪ್ಪಾ? ಒಳಗೆ ಬರಲ್ವಾ?" "ನೀನು ನಡಿ. ಬೈಕ್ ನೆರಳಿಗೆ ಹಾಕಿ ಬರ್ತೀನಿ," ಎಂದ. ಬೈಕು ನೆರಳಲ್ಲೇ ಇತ್ತು.

ಬೇಕರಿಯವನಿಗೆ ಒಂದು ಟೀ ಹೇಳಿ, ಗಾಜಿನ ಬಾಗಿಲಿನಾಚೆ ಹೊಳೆಯುತ್ತಿದ್ದ ಪರದೆಯನ್ನು ಓರೆಯಾಗಿ ನೋಡುತ್ತ ನಿಂತ. ಶನಿಗ್ರಹದ ಬಳೆಯ ಮೇಲೆ ಕಟ್ಟಿದ ಒಂದು ನಗರ. ಅದರ ಬೀದಿಯಲ್ಲಿ ಇಬ್ಬರು ಎದುರುಬದುರು, ಒಬ್ಬಳ ಕೈಯಲ್ಲಿ ಈಟಿ, ಇನ್ನೊಬ್ಬನ ಕೈಯಲ್ಲಿ ಬೆಳಕಿನ ಗರಗಸ. 'ಸ್ಯಾಟರ್ನ್ ಬ್ಲೇಡ್ಸ್' ಎಂಬ ಆ ಹೆಸರನ್ನು ಇಪ್ಪತ್ತೈದು ವರ್ಷದ ಹಿಂದೆ ಹೊನ್ನಾಳಿಯಲ್ಲಿ ಯಾರೂ ಬಾಯಿತುಂಬ ಹೇಳಿದ್ದಿಲ್ಲ. ಶನಿ ಗೇಮು ಅಷ್ಟೆ. ಶನಿವಾರ ಅದನ್ನು ಆಡಬಾರದೆಂದು ಯಾರೋ ಎಬ್ಬಿಸಿದ ಮಾತನ್ನು ನಂಬಿ ಕೆಲವರು ಆ ಒಂದು ದಿನ ಯಂತ್ರದ ಹತ್ತಿರ ಸುಳಿಯುತ್ತಲೂ ಇರಲಿಲ್ಲ. ಈಗ ಅದರ ಎರಡನೇ ಭಾಗ ಬಂದಿದೆ. ಕಥೆಯಲ್ಲೂ ಇಪ್ಪತ್ತೈದು ವರ್ಷ ಕಳೆದಿವೆಯಂತೆ. ಈಟಿಯ ವೇರಾಳ ಕೂದಲು ಬೆಳ್ಳಗಾಗಿದೆ, ಎರಡು ಕುಡುಗೋಲಿನ ಯಂತ್ರಮಾನವನ ಒಂದು ತೋಳು ತುಕ್ಕು ಹಿಡಿದಿದೆ, ಸರಪಳಿ ಬೀಸುತ್ತಿದ್ದವನು ಸತ್ತು ಅವನ ಮಗಳು ಬಂದಿದ್ದಾಳೆ. ಒಂದು ತಿಂಗಳಿಂದ ಚನ್ನಗಿರಿಯ ಮನೆಯಲ್ಲಿ ಊಟದ ಹೊತ್ತಿಗೆ ಪೂಜಾಳ ಬಾಯಲ್ಲಿ ಇದೇ ಮಾತು. ನ್ಯಾಮತಿಯಲ್ಲಿ ನಿಂತು ಆಡುವ ದೊಡ್ಡ ಯಂತ್ರವನ್ನೇ ತರಿಸಿದ್ದಾರೆ, ಭಾನುವಾರ ಪಂದ್ಯ ಇಟ್ಟಿದ್ದಾರೆ ಎಂದು ಗೊತ್ತಾದ ದಿನ ಅವಳು ಕೇಳಿದ್ದಳು: "ನೀನು ಫಸ್ಟ್ ಪಾರ್ಟ್ ಆಡಿದ್ದೆ ಅಲ್ವಾ?" "ಆಡಿದ್ದೆ ಅಂದ್ರೆ? ದಾವಣಗೆರೆ ಪಂದ್ಯದಾಗೆ ಫಸ್ಟ್ ಬಂದಿದ್ದೆ." "ಯಾರು ಕಲಿಸಿದ್ರು?" "ಯಾರೂ ಇಲ್ಲ. ನೋಡಿ ನೋಡಿ ನಾನೇ ಕಲ್ತೆ." ಆ ಸುಳ್ಳಿಗೆ ಅವನು ಒಂದು ಕ್ಷಣವೂ ತಡಕಾಡಬೇಕಾಗಿ ಬಂದಿರಲಿಲ್ಲ. ಎಷ್ಟೋ ವರ್ಷ ಹೇಳಿ ಹೇಳಿ ಅದು ಅವನ ಹುಟ್ಟಿದ ತಾರೀಖಿನ ಹಾಗೆ ನಿಜವಾಗಿ ಹೋಗಿತ್ತು.

ಕಲಿಸಿದವಳು ಚೌಡಕ್ಕ. ಅವನು ಹೊನ್ನಾಳಿಯಲ್ಲಿ ಪಿಯುಸಿ ಓದುವಾಗ, ಹೊಳೆಯ ಸೇತುವೆಗೆ ಹೋಗುವ ದಾರಿಯಲ್ಲಿ ಯರ್ರಿಸ್ವಾಮಿ ಎಂಬುವನ ವಿಡಿಯೋ ಗೇಮ್ ಅಂಗಡಿ ಇತ್ತು. ಜಗಳೂರಿನ ಕಡೆಯಿಂದ ಬಂದ ಗಂಡಹೆಂಡಿರು. ಊರಿನಲ್ಲಿ ಅವರಿಗೆ ನೆಂಟರಿಲ್ಲ, ಜಾತಿಯವರೂ ಕಡಿಮೆ. ಮಧ್ಯಾಹ್ನ ಯರ್ರಿಸ್ವಾಮಿ ಟಿವಿ ರಿಪೇರಿಗೆಂದು ಸೈಕಲ್ ಏರಿ ಹೋದಾಗ ಅಂಗಡಿಯಲ್ಲಿ ಚೌಡಕ್ಕ ಕೂರುತ್ತಿದ್ದಳು. ಇಪ್ಪತ್ತೈದರ ಹೆಂಗಸು. ಜನ ಬಾರದ ಆ ಹೊತ್ತಿನಲ್ಲಿ ಬೇಸರ ಕಳೆಯಲು ಆಡಿ ಆಡಿ ಅವಳಿಗೆ ಆ ಯಂತ್ರದ ಒಳಹೊರಗೆಲ್ಲ ಗೊತ್ತಾಗಿತ್ತು. ಇಂಗ್ಲಿಷ್ ಅಕ್ಷರ ಬಾರದ್ದರಿಂದ ಆಟದೊಳಗಿನ ಆಳುಗಳಿಗೆ ತನ್ನದೇ ಹೆಸರಿಟ್ಟಿದ್ದಳು. ವೇರಾ ಈಟಿಯವ್ವ, ಕುಡುಗೋಲಿನವನು ಕೊಯ್ಲಿನೋನು. ಹಾಸ್ಟೆಲಿನ ಸಪ್ಪೆ ಸಾರು ಉಂಡು ಕಾಲೇಜಿಗೆ ಚಕ್ಕರ್ ಹೊಡೆದು ಬಂದ ಹುಡುಗನ ಕೈಯ ಚಡಪಡಿಕೆಯನ್ನು ಎರಡು ದಿನ ನೋಡಿ ಮೂರನೇ ದಿನ ಅವಳೇ ಎದ್ದು ಬಂದಿದ್ದಳು. "ನೀನು ಗುಂಡಿ ಬಾಳ ಒತ್ತುತೀ ಕಣಪ್ಪ. ಎದುರಿನೋನು ಒಂದ್ಸಲ ಬೀಸಿದ ಮ್ಯಾಲೆ ಕತ್ತಿ ವಾಪಸ್ ಎಳ್ಕಣಾಕೆ ಅವನಿಗೂ ಒಂದು ಗಳಿಗೆ ಬೇಕು. ಆ ಗಳಿಗೆ ನಿಂದು. ಅಲ್ಲೀತಂಕ ಸುಮ್ಕಿರು." ಬಾಗಿಲು ಬೀದಿಗೆ ತೆರೆದೇ ಇರುತ್ತಿತ್ತು. ಹೊರಗೆ ಹೋಗಿ ಬರುವವರನ್ನು ಮಾತಾಡಿಸುತ್ತಲೇ ಅವಳು ಅವನ ತಪ್ಪುಗಳನ್ನು ಹಿಡಿಯುತ್ತಿದ್ದಳು. ಅವನ ಕೈಯನ್ನು ಒಂದು ಸಲವೂ ಮುಟ್ಟಿದವಳಲ್ಲ; ಹಿಡಿಕೆ ಹಿಡಿಯುವುದನ್ನು ತೋರಿಸಬೇಕಾದರೆ "ಸರಿ ಅತ್ಲಾಗೆ" ಎಂದು ತಾನೇ ಹಿಡಿದು ತೋರಿಸಿ ಬಿಟ್ಟುಕೊಡುತ್ತಿದ್ದಳು.

ಅಂಗಡಿಯ ಮಾಲೀಕ ಮಾರುತೇಶ್ ಮೈಕು ಹಿಡಿದು ಮಾತಾಡತೊಡಗಿದಾಗ ರೇಣುಕಪ್ರಸಾದನ ಟೀ ತಣ್ಣಗಾಗಿತ್ತು. "ನಮ್ಮ ದೊಡ್ಡವ್ವ, ಚೌಡಕ್ಕ ಅಂತ. ನಮ್ಮವ್ವನ ಅಕ್ಕ. ಫಸ್ಟ್ ಪಾರ್ಟ್ ಬಂದಾಗ್ಲೇ ಹೊನ್ನಾಳ್ಯಾಗೆ ಅಂಗಡಿ ಇಟ್ಟೋರು. ಈ ಪಂದ್ಯ ಶುರು ಮಾಡಾಕೆ ಅಂತ್ಲೇ ಜಗಳೂರಿಂದ ಕರ್ಸೀನಿ." ಚಪ್ಪಾಳೆ ಬಿದ್ದವು. ನೇರಳೆ ಸೀರೆಯವಳ ಮುಖ ತಿರುಗಿತು. ಹೌದು. ಐವತ್ತು ವರ್ಷದ ಮುಖ, ಕೆನ್ನೆ ಇಳಿದಿದೆ, ಹಣೆ ಬರಿದಾಗಿದೆ. ಯರ್ರಿಸ್ವಾಮಿ ಇಲ್ಲ ಹಾಗಾದರೆ. ಆ ಯೋಚನೆಯ ಬೆನ್ನಿಗೇ ಹಾಯೆನಿಸಿತು, ತಿಳಿದವನು ಒಬ್ಬ ಕಡಿಮೆಯಾದ ಎಂಬ ಹಾಯಿ. ತನ್ನೊಳಗಿನ ಆ ಹಾಯಿಯನ್ನು ಅವನು ನೋಡಿದ, ನೋಡಿ ಗುರುತಿಸಿದ, ಟೀ ಲೋಟವನ್ನು ಹಾಗೇ ಕಲ್ಲಿನ ಮೇಲಿಟ್ಟ. ಒಳಗೆ ಪೂಜಾಳ ಸರದಿ ಬಂದಿತ್ತು. ಶಿವಮೊಗ್ಗದಿಂದ ಬಂದ ಒಬ್ಬ ಉದ್ದ ಹುಡುಗನ ಎದುರು ಅವಳು ಮೊದಲ ಸುತ್ತು ಸೋತಳು. ಅವಳೂ ಗುಂಡಿ ಹೆಚ್ಚು ಒತ್ತುತ್ತಾಳೆ, ಅವನು ಹೊರಗಿನಿಂದಲೇ ಕಂಡ. ಮಗಳಿಗೆ ಅಷ್ಟನ್ನು ಹೇಳಿಕೊಡಲು ಅವನಿಗೆ ಒಂದು ತಿಂಗಳಿತ್ತು. ಹೇಳಿಕೊಟ್ಟಿದ್ದರೆ ಅದು ಯಾರ ಮಾತು ಎಂದು ಅವಳು ಕೇಳುತ್ತಿದ್ದಳು. ಸುತ್ತುಗಳ ನಡುವೆ ನೇರಳೆ ಸೀರೆ ಪೂಜಾಳ ಪಕ್ಕಕ್ಕೆ ಬಗ್ಗಿತು. ತುಟಿಗಳು ಆಡಿದ್ದು ಗಾಜಿನೊಳಗಿಂದ ಕೇಳಿಸದಿದ್ದರೂ ಅವನಿಗೆ ಒಂದೊಂದು ಶಬ್ದವೂ ಗೊತ್ತಿತ್ತು. ಎರಡನೇ ಸುತ್ತಿನಲ್ಲಿ ಪೂಜಾ ಕೈ ಕಟ್ಟಿಹಾಕಿದವಳಂತೆ ನಿಂತಳು. ಉದ್ದ ಹುಡುಗ ಗರಗಸ ಬೀಸಿದ. ಅವಳ ಈಟಿ ಒಂದೇ ಸಲ ಮುಂದೆ ಹೋಯಿತು. ಎರಡನೇ ಸುತ್ತೂ ಮೂರನೆಯದೂ ಅವಳದಾದವು.

ಅವನೂ ಹಾಗೆಯೇ ದಾವಣಗೆರೆಯಲ್ಲಿ ಗೆದ್ದಿದ್ದ. ಗೆದ್ದು ಬಂದು ಆರು ದಿನ ಹೊನ್ನಾಳಿಯಲ್ಲಿ ತಲೆ ಎತ್ತಿಕೊಂಡು ತಿರುಗಿದ್ದ. ಏಳನೇ ದಿನ ಸಂಜೆ ಹಾಸ್ಟೆಲಿನ ಗೆಳೆಯರನ್ನು ನಾಲ್ಕು ಜನ ಕಟ್ಟಿಕೊಂಡು ಅಂಗಡಿಗೆ ಹೋದಾಗ, ಯಾರೋ "ಅಕ್ಕಾ, ನಮ್ಮ ಚಾಂಪಿಯನ್ ಜೊತಿ ಆಡ್ತೀರಾ?" ಎಂದರು. ಚೌಡಕ್ಕ ಅವರೆಕಾಯಿ ಸುಲಿಯುತ್ತಿದ್ದವಳು ಮೊರವನ್ನು ಕೆಳಗಿಟ್ಟು ಬಂದಳು. ಬಾಗಿಲಲ್ಲಿ ನಿಂತ ಪಕ್ಕದ ಮನೆಯವಳಿಗೆ ಹುಳಿಗೆ ಎಷ್ಟು ಹುಣಸೆ ಹಾಕಬೇಕೆಂದು ಹೇಳುತ್ತಲೇ, ಪರದೆಯನ್ನು ಅರ್ಧಂಬರ್ಧ ನೋಡುತ್ತಲೇ, ಮೂರು ಸುತ್ತಿನಲ್ಲೂ ಅವನನ್ನು ಕೆಡವಿದಳು. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ತಮ್ಮನನ್ನು ನೋಡಿ ನಗುವಂತೆ. ಆಮೇಲೆ ಮತ್ತೆ ಮೊರ ಎತ್ತಿಕೊಂಡಳು. ಹೊಳೆದಂಡೆಗೆ ನಡೆಯುವಾಗ ಒಬ್ಬ ಕೇಳಿದ: "ನಿನಗೆ ಕಲ್ಸಿದ್ದೂ ಅವಳೇ ಅಂತಲ್ಲೋ?" ಆಗ ಅವನು ಅಂದ. ಅಂದದ್ದು ಎರಡೇ ವಾಕ್ಯ. "ಮಟಮಟ ಮಧ್ಯಾಹ್ನ ಬಾಗ್ಲು ಹಾಕ್ಕಂಡು ಕಲಿಸ್ತಾಳೆ. ಸುಮ್ನೆ ಕಲಿಸ್ತಾಳೇನ್ರೋ?" ಮೂವರು ಮತ್ತೆ ನಕ್ಕರು, ಈ ಸಲ ಅವನ ಕಡೆಯ ನಗು. ನಾಲ್ಕನೆಯವನು ಓಂಕಾರ, ಉಗ್ಗುತ್ತಿದ್ದ. "ಹ-ಹ-ಹಂಗೆ..." ಎಂದು ಶುರುಮಾಡಿದ, ಅವನ ಮಾತು ಮುಗಿಯುವತನಕ ಕಾಯುವ ಅಭ್ಯಾಸ ಆ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಎರಡು ವಾಕ್ಯ ಹತ್ತು ದಿನದಲ್ಲಿ ಊರು ಸುತ್ತಿತು. ಪಕ್ಕದ ಮನೆಯವಳು ಬಾಗಿಲಿಗೆ ಬರುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ಅಂಗಡಿಯ ಷಟರಿನ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದಿದ್ದರು. ಯರ್ರಿಸ್ವಾಮಿ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದ, ಒರೆಸಿದಷ್ಟೂ ಕಪ್ಪು ಹರಡುತ್ತಿತ್ತು. ಪುಸ್ತಕ ಎದೆಗೆ ಅವುಚಿಕೊಂಡು ರಸ್ತೆಯ ಆಚೆ ನಿಂತು ಅದನ್ನು ನೋಡಿದ ರೇಣುಕಪ್ರಸಾದ್ ಇನ್ನೊಂದು ದಾರಿಯಲ್ಲಿ ಕಾಲೇಜಿಗೆ ಹೋದ. ಆ ದಿನ ಒಂದು ಪಿರಿಯಡ್ಡನ್ನೂ ತಪ್ಪಿಸಲಿಲ್ಲ. ವಾರದೊಳಗೆ ಟೆಂಪೋ ಒಂದು ಯಂತ್ರಗಳನ್ನು ಹೇರಿಕೊಂಡು ಜಗಳೂರಿನ ಕಡೆ ಹೋಯಿತು.

"ಅಪ್ಪಾ!" ಪೂಜಾ ಹೊರಗೆ ಬಂದು ಅವನ ತೋಳು ಹಿಡಿದಿದ್ದಳು. ನಾಲ್ಕನೇ ಪಂದ್ಯದಲ್ಲಿ ಸೋತಿದ್ದಳು, ಆದರೂ ಮುಖ ಬೆಳಗುತ್ತಿತ್ತು. "ನೀನು ಎಲ್ಲಿ ಹೋಗಿದ್ದೆ? ನೋಡಲೇ ಇಲ್ಲ ನೀನು. ಬಾ, ಅವರನ್ನ ಪರಿಚಯ ಮಾಡಿಸ್ತೀನಿ. ಸಖತ್ತಾಗಿ ಹೇಳಿಕೊಡ್ತಾರೆ." ಅವನು ಹೋದ. ಹೆಲ್ಮೆಟ್ ಇನ್ನೂ ತಲೆಯ ಮೇಲಿರುವುದು ಚೌಡಕ್ಕನ ಎದುರು ನಿಂತಾಗಲೇ ನೆನಪಾಗಿ, ಅದನ್ನು ಕಿತ್ತು ತೆಗೆಯುವಾಗ ಕನ್ನಡಕವೂ ಕಿತ್ತು ಬಂದು ನೆಲಕ್ಕೆ ಬಿತ್ತು. ಎತ್ತಿಕೊಟ್ಟವಳು ಅವಳೇ.

"ರೇಣುಕ ಅಲ್ಲೇನಪ್ಪ ನೀನು?"

"ಹೌದಕ್ಕಾ."

"ಅಯ್ಯೋ ಶಿವನೇ. ತಲೆ ಬಿಳಿ ಆಗೈತಲ್ಲೋ." ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡಳು. "ಮೇಷ್ಟ್ರಂತೆ ಅಪ್ಪ ಅಂತ ಈ ಹುಡುಗಿ ಹೇಳ್ತು. ನಂಗೇನು ಗೊತ್ತು ಅದು ನೀನೇ ಅಂತ? ಇನ್ಮ್ಯಾಲೆ ರೀ ಹಚ್ಚಿ ಮಾತಾಡ್ಬೇಕೇನೋ ನಿನ್ನ." ಪೂಜಾಳ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು: "ನಿಮ್ಮಪ್ಪ ನನ್ನ ಹತ್ರ ಕಲ್ತ ಮೊದಲ್ನೇ ಹುಡುಗ ಕಣವ್ವ. ಕೊನೇನೂ ಅವನೇ."

"ಹೌದಾ?" ಪೂಜಾ ಅಪ್ಪನನ್ನು ನೋಡಿದಳು. "ಅಪ್ಪ ಯಾರೂ ಕಲಿಸಿಲ್ಲ, ನಾನೇ ಕಲ್ತೆ ಅಂದಿದ್ರು."

ಯಂತ್ರದಿಂದ ಕತ್ತಿಗೆ ಕತ್ತಿ ತಾಗುವ ಸದ್ದು ಬರುತ್ತಿತ್ತು. ಚೌಡಕ್ಕನೇ ಅವನನ್ನು ಪಾರುಮಾಡಿದಳು. "ಮರ್ತಿರ್ತಾನೆ ಬಿಡವ್ವ. ಏಸು ವರ್ಷ ಆತು." ಮರೆತಿರುತ್ತಾನೆ. ಅವನು ಆ ಮಾತನ್ನು ತಲೆತಗ್ಗಿಸಿ ತೆಗೆದುಕೊಂಡ. ಮಾರುತೇಶ್ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಯರ್ರಿಸ್ವಾಮಿ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ, ಜಗಳೂರಿಗೆ ಹೋದ ಮೇಲೆ ಅವನು ಯಂತ್ರಗಳನ್ನು ಬಿಚ್ಚಿ ಭಾಗಭಾಗವಾಗಿ ಮಾರಿದನಂತೆ, ಅವಳು ಅಂಗನವಾಡಿಯಲ್ಲಿ ಅಡುಗೆಗೆ ಸೇರಿದಳಂತೆ. "ಮತ್ತೆ ಆ ಹಿಡಿಕೆ ಮುಟ್ಟಿದ್ದು ಇವತ್ತೇ ನೋಡು. ಈಟಿಯವ್ವಗೂ ನನ್ನಂಗೆ ಕೂದ್ಲು ಬೆಳ್ಳಗಾಗ್ಯಾವೆ" ಎಂದು ನಕ್ಕಳು. ಅವನು ಎಲ್ಲದಕ್ಕೂ ಹೂಂಗುಟ್ಟುತ್ತ, ಈಗ ಹೇಳಬೇಕು, ಮಗಳು ಆಚೆ ಹೋದರೆ ಹೇಳಬಹುದು, ಎಂದುಕೊಳ್ಳುತ್ತಿದ್ದ. ಪೂಜಾ ಆಚೆ ಹೋಗಲಿಲ್ಲ. ಚೌಡಕ್ಕನ ನಂಬರನ್ನು ಫೋನಿಗೆ ಸೇರಿಸಿಕೊಳ್ಳುತ್ತಿದ್ದಳು.

"ನಿನ್ನ ಜೊತಿಗೆ ಒಬ್ಬ ಉಗ್ಗೋ ಹುಡುಗ ಬರ್ತಿದ್ದ," ಎಂದಳು ಚೌಡಕ್ಕ, ದನಿ ಇಳಿಸಿ. "ಓಂಕಾರ. ಅದಾನಾ?"

"ಅದಾನೆ. ಕತ್ತಲಗೆರ್ಯಾಗೆ. ಹೋಗ್ತಾ ಅವನ ಮನಿಗೇ ಹೋಗೋದೈತೆ ನಾವು."

"ಹಂಗಾರೆ ಅವನಿಗೊಂದು ಮಾತು ಹೇಳು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನನ್ನ ಮ್ಯಾಲೆ ಅವಾಗ ಒಂದು ಮಾತು ಎದ್ದಿತ್ತಲ್ಲ. ನಿನಗೂ ಗೊತ್ತಿರ್ತೈತೆ. ಅದನ್ನ ಆಡಿದೋನು ಅವನು. ನಮ್ಮನಿಯೋರಿಗೆ ಯಾರೋ ಹಾಸ್ಟೆಲ್ ಹುಡುಗ್ರು ಅಂದಿದ್ರಂತೆ, ಯಾರು ಅಂತ ಅವಾಗ ಗೊತ್ತಿರ್ಲಿಲ್ಲ. ತಿಂಗಳಾದ ಮ್ಯಾಲೆ ಅವನೇ ಬಂದ ಜಗಳೂರಿಗೆ. ನಮ್ಮ ಬಾಗಿಲಿಗೆ ನಿಂತು ನೆಲ ನೋಡ್ಕಂತ ಒಂದೇ ಅಕ್ಷರ ಹಿಡ್ಕಂಡು ಒದ್ದಾಡಿದ. ಉಗ್ಗು ಇದ್ದೋನೇ ಬಿಡು, ಆದ್ರೂ ಅವತ್ತಿನ ಉಗ್ಗು ಬ್ಯಾರೆ. ತೆಪ್ಪು ಮಾಡಿದೋನ ಮುಖ ನೋಡಿದ್ರೆ ತಿಳೀತೈತೆ. ನಂಗೆ ಮೈಯೆಲ್ಲ ಉರಿದು ಮುಸುರೆ ನೀರು ಎತ್ತಿ ಮುಖಕ್ಕೆ ಹುಯ್ದೆ. ಬೀದಿಯೋರೆಲ್ಲ ನಿಂತು ನೋಡಿದ್ರು. ಅವನು ಒರೆಸ್ಕಣಾಕೂ ಇಲ್ಲ, ಹಂಗೇ ಬಸ್ ಸ್ಟ್ಯಾಂಡಿಗೆ ನಡ್ಕಂಡು ಹೋದ." ಅವಳು ಯಂತ್ರದ ಕಡೆ ಒಮ್ಮೆ ನೋಡಿದಳು. "ಬಾಳ ವರ್ಷ ಶಾಪ ಹಾಕೀನಿ ಅವನಿಗೆ. ಈಗ ಸಾಕು ಅನ್ಸೈತೆ. ಹುಡುಗ ಬುದ್ಧಿ, ಏನೋ ಅಂದ. ಚೌಡಕ್ಕ ಕ್ಷಮಿಸ್ಯಾಳೆ ಅಂತ ಹೇಳು. ಹೇಳ್ತೀಯಲ್ಲ?"

ಅವನಿಗೆ ಇದ್ದ ಗಳಿಗೆ ಅದೇ. ಬಾಯಿ ತೆರೆದ. ಪೂಜಾ ಫೋನಿನಿಂದ ತಲೆ ಎತ್ತಿ ನೋಡುತ್ತಿದ್ದಳು.

"ಹೇಳ್ತೀನಿ ಅಕ್ಕಾ," ಎಂದ.

ಹೊನ್ನಾಳಿ ದಾಟಿ, ಸೇತುವೆ ದಾಟಿ, ಬೈಕು ಮೆಕ್ಕೆಜೋಳ ಕೊಯ್ದ ಹೊಲಗಳ ನಡುವೆ ಹೋಗುವಾಗ ಅವನು ಲೆಕ್ಕದ ಮೇಷ್ಟರಂತೆ ಯೋಚಿಸಲು ನೋಡಿದ. ಕ್ಷಮೆ ಎಂಬುದು ಮಾಡಿದ ತಪ್ಪಿಗೆ ಕೊಟ್ಟದ್ದು. ಮಾಡಿದವನ ಹೆಸರು ತಪ್ಪಾಗಿದ್ದರೂ ತಪ್ಪು ಅದೇ. ಆದ್ದರಿಂದ ಅದು ಬಂದು ತಲುಪಿದ್ದು ತನಗೇ. ಮೂರನೇ ಸಾಲಿಗೆ ಬರುವಾಗ ಅವನಿಗೇ ಅಸಹ್ಯವಾಯಿತು. ಓಂಕಾರ ಜಗಳೂರಿಗೆ ಹೋಗಿದ್ದನೇ? ಪಿಯುಸಿಯ ಆ ವರ್ಷ ಅವನು ಎರಡು ದಿನ ಕಾಲೇಜಿಗೆ ಬಂದಿರಲಿಲ್ಲ, ಬಂದ ಮೇಲೆ ಜ್ವರ ಅಂದಿದ್ದ. ಇಪ್ಪತ್ತೈದು ವರ್ಷ ಒಬ್ಬರ ಮನೆಗೊಬ್ಬರು ಹೋಗಿ ಬಂದಿದ್ದಾರೆ. ಓಂಕಾರನ ಮದುವೆಯಲ್ಲಿ ಬಡಿಸಿದವನು ಇವನು. ಪೂಜಾ ಹುಟ್ಟಿದಾಗ ಆಸ್ಪತ್ರೆಯಲ್ಲಿ ಮೂರು ದಿನ ಓಡಾಡಿದವನು ಓಂಕಾರ. ಇದರ ಒಂದು ಮಾತೂ ಅವನು ಆಡಿರಲಿಲ್ಲ. ಮುಖದ ಮೇಲೆ ಮುಸುರೆ ನೀರು ಇಳಿಯುತ್ತಿರಲು ಜಗಳೂರಿನ ಬೀದಿಯಲ್ಲಿ ನಡೆದುಹೋಗುವ ಹದಿನೇಳರ ಓಂಕಾರ ಕಣ್ಣಿಗೆ ಕಟ್ಟಿ, ರೇಣುಕಪ್ರಸಾದನ ಕೈ ತಾನಾಗಿ ಗಾಡಿಯನ್ನು ನಿಧಾನ ಮಾಡಿತು. "ಅಪ್ಪಾ, ಪೆಟ್ರೋಲ್ ಖಾಲಿನಾ?" ಎಂದಳು ಪೂಜಾ ಹಿಂದಿನಿಂದ. "ಇಲ್ಲ." ಎರಡು ಹೊಲ ದಾಟಿದ ಮೇಲೆ ಅವಳು ಕೇಳಿದಳು: "ಓಂಕಾರ್ ಅಂಕಲ್ ಅಂಥೋರಾ?" ಗಾಳಿಗೆ ಕೇಳಿಸಲಿಲ್ಲ ಎಂಬಂತೆ ಅವನು ಗೇರು ಬದಲಿಸಿದ.

ಓಂಕಾರನ ಮನೆಯ ಮುಂದಿನ ಸಿಮೆಂಟ್ ಅಂಗಳದಲ್ಲಿ ಜೋಳ ಹರವಿತ್ತು. ಮೂವರು ಹೆಂಗಸರು ಕಾಲಿನಿಂದ ಅದನ್ನು ಮಗುಚುತ್ತಿದ್ದರು. ಓಂಕಾರ ಬನಿಯನ್ನಿನಲ್ಲೇ ಬಂದು "ಬ-ಬರ್ರಿ ಮೇಷ್ಟ್ರೇ" ಎಂದು ನಕ್ಕ. ಅವನ ಹೆಂಡತಿ ನಿರ್ಮಲಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು. ಊಟವಾದ ಮೇಲೆ ಹೇಳೋಣ, ಓಂಕಾರನೊಬ್ಬನನ್ನೇ ಹಿಂದಿನ ಹೊಲಕ್ಕೆ ಕರೆದುಕೊಂಡು ಹೋಗಿ ಹೇಳೋಣ ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಪೂಜಾ, ನೀರಿನ ಚೊಂಬು ಕೆಳಗಿಡುತ್ತ, ಹೇಳಿಬಿಟ್ಟಳು. "ಅಂಕಲ್, ನಿಮಗೊಂದು ಮೆಸೇಜ್ ಐತೆ. ಜಗಳೂರಿನ ಚೌಡಕ್ಕ ಅಂತ, ಅವರು ನಿಮ್ಮನ್ನ ಕ್ಷಮಿಸಿದಾರಂತೆ." ಅವಳ ದನಿಯಲ್ಲಿ ಒಂದು ಗಡಸುತನವಿತ್ತು, ಅದು ಓಂಕಾರನ ಮೇಲಿನದು.

ಓಂಕಾರ ರೇಣುಕಪ್ರಸಾದನ ಮುಖ ನೋಡಿದ. ನೋಡಿದ್ದು ಬಹಳ ಹೊತ್ತಲ್ಲ.

"ಯಾರ್ರೀ ಚೌಡಕ್ಕ?" ಎಂದಳು ನಿರ್ಮಲಮ್ಮ. "ಏನು ಮಾಡಿದ್ರಿ ನೀವು ಅವರಿಗೆ?"

"ಏನಿಲ್ಲ, ಹ-ಹಳೇದು. ಹುಡುಗಾಟ," ಎಂದ ಓಂಕಾರ. "ಅನ್ನ ಹಾಕು, ಹಸಿದು ಬಂದಾರೆ."

ನಿರ್ಮಲಮ್ಮ ಒಳಗೆ ಹೋಗಲಿಲ್ಲ. ಗಂಡನನ್ನೇ ನೋಡುತ್ತ ನಿಂತಳು. ಇಪ್ಪತ್ತು ವರ್ಷ ಬಾಳಿದವನಲ್ಲಿ ತನಗೆ ತಿಳಿಯದ ಒಂದು ಕೋಣೆ ಇದೆಯೇನೋ ಎಂಬಂತೆ. ಆ ನೋಟ ತಡೆಯಲಾಗಲಿಲ್ಲ ರೇಣುಕಪ್ರಸಾದನಿಗೆ. ಚೌಡಕ್ಕನ ಕ್ಷಮೆಯ ಎದುರು ಸುಮ್ಮನಿದ್ದವನು ನಿರ್ಮಲಮ್ಮನ ಅನುಮಾನದ ಎದುರು ಸೋತ.

"ಅವನೇನೂ ಮಾಡಿಲ್ಲ," ಎಂದ. "ಆ ಮಾತು ಆಡಿದ್ದು ನಾನು."

ಪೂಜಾ ಕೇಳಿದಳು: "ಯಾವ ಮಾತು?" ಹೇಳದೆ ದಾರಿ ಇರಲಿಲ್ಲ. ಮಗಳ ಮುಖ ನೋಡದೆ, ಚಾಪೆಯ ಅಂಚಿನ ಎಳೆ ಕೀಳುತ್ತ, ಆ ಎರಡೂ ವಾಕ್ಯ ಹೇಳಿದ. ಹದಿನೆಂಟರ ಹುಡುಗನ ಬಾಯಲ್ಲಿ ಸಲೀಸಾಗಿ ಬಂದಿದ್ದ ಶಬ್ದಗಳು ಈಗ ಒಂದೊಂದಾಗಿ ಬಂದವು. ನಿರ್ಮಲಮ್ಮ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಪೂಜಾ, ಲೆಕ್ಕದಲ್ಲಿ ಒಂದು ಹಂತ ಬಿಟ್ಟುಹೋದದ್ದನ್ನು ಕೇಳುವ ಹಾಗೆ ಮೆಲ್ಲಗೆ, "ಅವರು ನಿಜವಾಗ್ಲೂ ಬಾಗ್ಲು ಹಾಕ್ತಿದ್ರಾ?" ಎಂದಳು.

"ಇಲ್ಲ."

"ಒಂದು ದಿನಾನೂ?"

"ಇಲ್ಲಮ್ಮ. ಒಂದು ದಿನಾನೂ ಇಲ್ಲ."

ಅವಳು ಫೋನು ತೆಗೆದು ಒತ್ತಿ, ಸ್ಪೀಕರ್ ಹಾಕಿ, ತೋಳು ನೆಟ್ಟಗೆ ಚಾಚಿ ಅವನ ಮುಂದೆ ಹಿಡಿದಳು. ತೆಗೆದುಕೋ ಎನ್ನಲಿಲ್ಲ. ಗಂಟೆ ಮೂರು ಸಲ ಆಯಿತು. ಬಸ್ಸಿನ ಇಂಜಿನ್ನಿನ ಸದ್ದು, ಅದರೊಳಗಿಂದ ಚೌಡಕ್ಕ: "ಯಾರು? ಪೂಜಾನಾ? ಬಸ್ಸಾಗೆ ಅದೀನವ್ವ."

"ಅಕ್ಕಾ, ನಾನು ರೇಣುಕ."

"ಯಾರೂ?"

"ರೇಣುಕ. ಅಕ್ಕಾ, ಅವಾಗ ಹೊನ್ನಾಳ್ಯಾಗೆ ಆ ಮಾತು ಅಂದಿದ್ದು ಓಂಕಾರ ಅಲ್ಲ."

"ಕೇಳ್ಸವಲ್ದು ಕಣಪ್ಪ. ಕಿಟಕಿ ಗಾಳಿ. ಜೋರಾಗಿ ಹೇಳು."

ಅಂಗಳದಲ್ಲಿ ಜೋಳ ಮಗುಚುತ್ತಿದ್ದ ಹೆಂಗಸರ ಕಾಲುಗಳು ನಿಂತಿದ್ದವು. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಮುದುಕನೊಬ್ಬ ಈ ಕಡೆ ಕಿವಿ ಕೊಟ್ಟಿದ್ದ. ಮೂವತ್ತೈದು ಮಕ್ಕಳ ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡುವ ಗಂಟಲು ಅವನದು. ಆ ಗಂಟಲಲ್ಲೇ ಕೂಗಿದ: "ಆ ಮಾತು ಅಂದಿದ್ದು ನಾನು! ನಾನೇ ಅಕ್ಕಾ! ಸುಳ್ಳು ಹೇಳಿದ್ದೆ! ಓಂಕಾರಗೆ ಏನೂ ಗೊತ್ತಿಲ್ಲ!"

ಕಂಡಕ್ಟರ್ ಯಾವುದೋ ಊರಿನ ಹೆಸರು ಕೂಗಿದ್ದು ಕೇಳಿಸಿತು. ಯಾರೋ ಇಳಿದರು, ಬಾಗಿಲು ಬಡಿಯಿತು, ಬಸ್ಸು ಮತ್ತೆ ಹೊರಟಿತು. ಅವಳು ಫೋನಿಟ್ಟಿರಲಿಲ್ಲ. ಉಸಿರು ಕೇಳಿಸುತ್ತಿತ್ತು, ಅಥವಾ ಅದು ಗಾಳಿ.

"ಓಂಕಾರಪ್ಪ ಅದಾನಾ ಅಲ್ಲಿ?" ಎಂದಳು ಕೊನೆಗೆ. "ಅವನಿಗೆ ಕೊಡು ಫೋನು."

ಓಂಕಾರ ಫೋನನ್ನು ಕಿವಿಗೆ ಹಚ್ಚಿಕೊಂಡು, ಸ್ಪೀಕರ್ ಆರಿಸಿ, ಅಂಗಳದ ಆಚೆ ಟ್ರ್ಯಾಕ್ಟರಿನ ಹತ್ತಿರ ಹೋದ. ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಬಹಳ ಹೊತ್ತು ಅವನು ಕೇಳಿಸಿಕೊಂಡ. ಆಮೇಲೆ ಮಾತಾಡಿದ, ಒಂದೊಂದು ಕಡೆ ತಡೆದು ನಿಲ್ಲುತ್ತಿದ್ದ, ಆ ಕಡೆಯವಳು ಕಾಯುತ್ತಿದ್ದಿರಬೇಕು, ಮತ್ತೆ ಮುಂದುವರಿಸುತ್ತಿದ್ದ. ಒಂದು ಸಲ ಬನಿಯನ್ನಿನ ತೋಳಿನಿಂದ ಮುಖ ಒರೆಸಿಕೊಂಡ. ಒಂದು ಸಲ ಜೋರಾಗಿ ನಕ್ಕ. ನಿರ್ಮಲಮ್ಮ ತಟ್ಟೆ ಹಾಕಿದಳು. ಯಾರೂ ಕೈ ತೊಳೆಯಲಿಲ್ಲ. ಹೆಂಗಸರು ಮತ್ತೆ ಜೋಳ ಮಗುಚತೊಡಗಿದ್ದರು, ಮುಖಗಳನ್ನು ಆ ಕಡೆ ಮಾಡಿಕೊಂಡು.

ಓಂಕಾರ ಬಂದು ಫೋನನ್ನು ಪೂಜಾಳಿಗೆ ಕೊಟ್ಟ. "ಮುಂದಿನ ಭ-ಭಾನುವಾರ ಊಟಕ್ಕೆ ಬರಾಕೆ ಹೇಳ್ಯಾಳೆ," ಎಂದ ಹೆಂಡತಿಗೆ. "ನೀನೂ ಬರ್ಬೇಕಂತೆ. ಈ ಹುಡುಗೀನೂ ಕರ್ಕಂಡು ಬಾ ಅಂದ್ಲು."

ರೇಣುಕಪ್ರಸಾದ್ ಕೇಳಬಾರದೆಂದುಕೊಂಡೂ ಕೇಳಿದ. "ನನ್ನ ವಿಷಯ?"

"ನಿಂದೇನೂ ಅನ್ನಲಿಲ್ಲ."

ಅದು ಕೋಪದ ಮಾತಾಗಿರಲಿಲ್ಲ, ವರದಿ ಅಷ್ಟೆ. ಓಂಕಾರ ಚಾಪೆಯ ಮೇಲೆ ಅವನ ಪಕ್ಕದಲ್ಲೇ ಕೂತ. "ನೀನು ಹೇಳ್ದಂಗೆ ನಂಗೇನೂ ಗೊತ್ತಿಲ್ಲ ಅಂತಲ್ಲ," ಎಂದ ತಗ್ಗಿದ ದನಿಯಲ್ಲಿ. "ಅವತ್ತು ನಿನ್ನ ಹೆಸ್ರು ಹೇಳಾಕೇ ಹೋಗಿದ್ದೆ ಜಗಳೂರಿಗೆ. ರ-ರ-ರ ಅಂತ ನಿಂತ್ಕಂಡೆ. ಬರಲಿಲ್ಲ. ಅಷ್ಟರಾಗೆ ನೀರು ಬಿತ್ತು. ಬಸ್ಸಿನಾಗೆ ಬರುವಾಗ ಯೋ-ಯೋಚ್ನೆ ಮಾಡಿದೆ, ಬರದಿದ್ದದ್ದೇ ಸರಿ ಆತೇನೋ ಅಂತ. ಆಮೇಲೆ ಪ್ರತಿ ಸಲ ನಿನ್ನ ನೋಡಿದಾಗ್ಲೂ ಅನ್ಸ್ತಿತ್ತು, ಸರಿ ಆಗ್ಲಿಲ್ಲ ಅಂತ." ಅನ್ನದ ತಟ್ಟೆಯನ್ನು ಅವನ ಕಡೆ ತಳ್ಳಿದ. "ಉಣ್ಣು."

ಅವನು ಉಂಡ. ಹಸಿವಿತ್ತು, ಅದಕ್ಕೂ ನಾಚಿಕೆಯಾಯಿತು. ಊಟದುದ್ದಕ್ಕೂ ಪೂಜಾ ಜಗಲಿಯ ಇನ್ನೊಂದು ತುದಿಯಲ್ಲಿ ನಿರ್ಮಲಮ್ಮನ ಪಕ್ಕ ಕೂತು ತಟ್ಟೆ ನೋಡುತ್ತ ಉಂಡಳು. ಹೊರಡುವ ಹೊತ್ತಿಗೆ ಅವನು ಬೈಕಿನ ಕೀಲಿ ತೆಗೆದಾಗ ಅವಳು ಹೇಳಿದಳು: "ನಾನು ಬಸ್ಸಿಗೆ ಬರ್ತೀನಿ." ಓಂಕಾರ ಏನೋ ಹೇಳಹೋದ, ನಿರ್ಮಲಮ್ಮ ಅವನ ಕೈ ಮುಟ್ಟಿ ತಡೆದು, "ನಾನು ಹತ್ತಿಸಿ ಬರ್ತೀನಿ ಬಾರವ್ವ," ಎಂದು ಚಪ್ಪಲಿ ಹಾಕಿಕೊಂಡಳು.

ಚನ್ನಗಿರಿಯ ಬಸ್ಸು ಬಂತು. ಪೂಜಾ ಮುಂದಿನ ಬಾಗಿಲಿನಿಂದ ಹತ್ತಿದಳು. ರೇಣುಕಪ್ರಸಾದ್ ಬೈಕು ಶುರುಮಾಡಿ ಅದರ ಹಿಂದೆ ಹೊರಟ. ಸೂಳೆಕೆರೆಯ ಏರಿಯ ಮೇಲೆ ರಸ್ತೆ ತೆರವಾಗಿತ್ತು, ಎರಡು ಸಲ ಬಸ್ಸಿನವನು ಕೈ ಹೊರಗೆ ಹಾಕಿ ಮುಂದೆ ಹೋಗು ಎಂದು ಸನ್ನೆ ಮಾಡಿದ. ಅವನು ಹೋಗಲಿಲ್ಲ. ಬಸ್ಸು ನಿಂತ ಕಡೆಯೆಲ್ಲ ಅವನೂ ಕಾಲೂರಿ ನಿಂತು, ಹೊಗೆ ಕುಡಿದು, ಅದು ಹೊರಟಾಗ ಹೊರಟ. ಹಿಂದಿನ ಗಾಜಿನಲ್ಲಿ ತಲೆಗಳು ಕಾಣುತ್ತಿದ್ದವು. ಅವುಗಳಲ್ಲಿ ಯಾವುದು ಅವಳದೆಂದು ಚನ್ನಗಿರಿ ಬರುವತನಕ ಅವನಿಗೆ ಗೊತ್ತಾಗಲಿಲ್ಲ.